ಕೆಂಪಣ್ಣನ ಚುಕ್ಕಿ

ಹಲ್ಲುಜ್ಜುವಾಗ ನೋಡಿದ, ಇತ್ತು. ಸ್ನಾನಕ್ಕೆ ಹೋಗುವ ಮುಂಚೆ ನೋಡಿದ, ಇತ್ತು. ಒದ್ದೆ ಟವಲ್ಲು ಸುತ್ತಿಕೊಂಡೇ ಬೆರಳಿನ ನೀರೊರೆಸಿ ಮತ್ತೆ ನೋಡಿದಾಗಲೂ ಅದು ಅಲ್ಲೇ ಇತ್ತು. ಫೋನಿನ ಗಾಜಿನ ಮೇಲೆ ಹಸಿರು ಬಯಲು, ಬಯಲಿನ ನಡುವೆ ಕೂದಲೆಳೆಯಷ್ಟು ಸಣ್ಣ ನಾಲೆ, ನಾಲೆಯ ಮಗ್ಗುಲಿಗೆ ಒಂದು ನೀಲಿ ಚುಕ್ಕಿ, ಚುಕ್ಕಿಯ ಕೆಳಗೆ ತಾನೇ ಟೈಪು ಮಾಡಿದ್ದ ಹೆಸರು: ಕೆಂಪಣ್ಣ. ಹನ್ನೊಂದನೇ ತೂಬು. ನೆನ್ನೆ ಬೆಳಗಿನಿಂದ ಬೈಗಿನವರೆಗೂ ಅದೇ ತೂಬು, ಇವತ್ತೂ ಅದೇ ತೂಬು. ಬಡ್ಡೀಮಗ ಕೂತಲ್ಲಿಂದ ಎದ್ದಿಲ್ಲ ಎಂದುಕೊಂಡ ಚಿಕ್ಕಸ್ವಾಮಿ. ಹಾಗೆಂದುಕೊಂಡ ಮೇಲೆ ಅವನ ಮೈಗೆ ಹಿತವಾಯಿತು. ಬೇರೆಯವರಿಗೆ ಬೆಳಗಿನ ಕಾಫಿಯಿಂದ ಸಿಗುವ ಹಿತ ಅವನಿಗೆ ಮೂರು ವಾರದಿಂದ ಸಿಗುತ್ತಿದ್ದದ್ದು ಕೆಂಪಣ್ಣನ ಸೋಮಾರಿತನದಿಂದ.

ಕಿರಂಗೂರಿನ ಆಚೆ ಬಯಲಿನ ನೀರು ಬಳಕೆದಾರರ ಸಂಘಕ್ಕೆ ಚಿಕ್ಕಸ್ವಾಮಿ ಕಾರ್ಯದರ್ಶಿ. ಕೆಂಪಣ್ಣ ಅದೇ ಸಂಘದ ನೀರಗಂಟಿ. ನಾಲೆಯ ಹದಿನಾಲ್ಕು ತೂಬುಗಳ ಹಲಗೆ ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು. ಅವರಪ್ಪನೂ ನೀರಗಂಟಿ, ತಾತನೂ ನೀರಗಂಟಿ. ಹಾಗೆ ತಲತಲಾಂತರದಿಂದ ಬಂದ ಯಾವುದನ್ನು ಕಂಡರೂ ಚಿಕ್ಕಸ್ವಾಮಿಗೆ ಹೊಟ್ಟೆಯಲ್ಲಿ ಏನೋ ಹುಳಿಯುತ್ತಿತ್ತು, ಅವನಿಗೆ ಅಪ್ಪನಿಂದ ಬಂದದ್ದು ಉದ್ದ ಮೂಗೊಂದೇ ಆದ್ದರಿಂದ ಇರಬಹುದು. ಸಂಜೆ ನಾಲ್ಕಕ್ಕೆ ಸಂಘದ ಸಭೆ. ಮೊದಲ ವಿಷಯವೇ ಕೆಂಪಣ್ಣ. ಇಪ್ಪತ್ತೊಂದು ದಿನದ ಪಟ್ಟಿಯನ್ನು ಚಿಕ್ಕಸ್ವಾಮಿ ಶ್ರೀರಂಗಪಟ್ಟಣದಲ್ಲಿ ಪ್ರಿಂಟು ತೆಗೆಸಿ ಪ್ಲಾಸ್ಟಿಕ್ಕು ಫೋಲ್ಡರಿಗೆ ಹಾಕಿಟ್ಟಿದ್ದ: ತಾರೀಖು, ಹೊತ್ತು, ಚುಕ್ಕಿ ಇದ್ದ ಜಾಗ. ಏಳನೇ ತೂಬು ಎರಡು ದಿನ, ಎಂಟನೇ ತೂಬು ಒಂದೂವರೆ ದಿನ, ಒಂಬತ್ತನೇದು ಎರಡು. ಕೊನೆಗೆ ಹೇಳಲು ಒಂದು ಜೋಕನ್ನೂ ಮಾಡಿಟ್ಟುಕೊಂಡಿದ್ದ: ಎರಡು ದಿನಕ್ಕೊಂದು ಮರ ಬದಲಾಯಿಸುತ್ತಾನೆ ಸ್ವಾಮಿ, ಒಂದೇ ನೆರಳು ಬೇಜಾರಾಗುತ್ತದೋ ಏನೋ. ಅದನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದ್ದ. ಎರಡನೇ ಸಲ ನಗದೆ ಹೇಳಿದ್ದೇ ಹೆಚ್ಚು ಚೆನ್ನಾಗಿತ್ತು.

ಅಧ್ಯಕ್ಷ ಮಂಜುನಾಥನಿಗೆ ಕೆಂಪಣ್ಣ ಯಾಕೆ ಬೇಡವೆಂಬುದು ಚಿಕ್ಕಸ್ವಾಮಿಗೆ ಗೊತ್ತಿಲ್ಲದ್ದೇನಲ್ಲ. ಮಂಜುನಾಥನ ಕಬ್ಬಿನ ಗದ್ದೆಗಳು ನಾಲೆಯ ತಲೆಯಲ್ಲಿ, ಒಂದನೇ ತೂಬಿನ ಬುಡದಲ್ಲೇ ಇವೆ. ಸರದಿ ಮುಗಿದ ಮೇಲೂ ಅವನಿಗೆ ನೀರು ಬೇಕು. ಕೆಂಪಣ್ಣ ಹಲಗೆ ಇಳಿಸಿಬಿಡುತ್ತಾನೆ. ಬೈದರೆ ಬೈಸಿಕೊಂಡು, ಹೂಂಗುಟ್ಟಿಕೊಂಡೇ ಇಳಿಸುತ್ತಾನೆ. ಸಮಿತಿಯ ಉಳಿದ ನಾಲ್ವರೂ ತಲೆಭಾಗದವರೇ, ಬೋಂಡಾ ಕಾಫಿಗೆ ಬಂದು ಬೋಂಡಾ ಕಾಫಿ ಮುಗಿಸಿ ಹೋಗುವ ಜನ. ಇಂಥವರ ಕೈಕೆಳಗೆ ತಾನು ದುಡಿಯಬೇಕಾಯಿತಲ್ಲ ಎಂದು ಚಿಕ್ಕಸ್ವಾಮಿ ದಿನಕ್ಕೆ ಹತ್ತು ಸಲವಾದರೂ ಅಂದುಕೊಳ್ಳುತ್ತಿದ್ದ. ಪಾಂಡವಪುರದ ಕಾಲೇಜಿನಲ್ಲಿ ಬಿ.ಎ. ಮಾಡಿದವನು ಅವನು. ನಾಗಮಂಗಲದಲ್ಲಿ ಒಮ್ಮೆ ಗುಮಾಸ್ತೆ ಕೆಲಸದ ಸಂದರ್ಶನಕ್ಕೆ ಇಸ್ತ್ರಿ ಶರಟು ಹಾಕಿಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದಾಗ, ಒಳಗೆ ಕೂತಿದ್ದ ಬೋಳುತಲೆಯವನು ತಲೆಯೆತ್ತದೆ, “ಮೂರು ಟೀ ತಗೊಂಬಾರಪ್ಪ, ಒಂದಕ್ಕೆ ಸಕ್ಕರೆ ಬೇಡ” ಅಂದಿದ್ದ. ಚಿಕ್ಕಸ್ವಾಮಿ ತಂದುಕೊಟ್ಟಿದ್ದ. ಅಷ್ಟೇ ಅಲ್ಲ, ಸಕ್ಕರೆ ಇಲ್ಲದ್ದು ಯಾವುದೆಂದು ಬೆರಳು ಮಾಡಿ ತೋರಿಸಿಯೂ ಇದ್ದ. ಇಪ್ಪತ್ತೆರಡು ವರ್ಷವಾಯಿತು. ಈಗಲೂ ಸ್ಕೂಟರಿನ ಮೇಲೆ ಹೋಗುವಾಗ, ಊಟಕ್ಕೆ ಕೂತಾಗ, ಆ ಬೋಳುತಲೆ ಇದ್ದಕ್ಕಿದ್ದ ಹಾಗೆ ಎದುರಿಗೆ ಬರುತ್ತದೆ, ಮತ್ತು ಚಿಕ್ಕಸ್ವಾಮಿ ಬಾಯಿಬಿಟ್ಟು “ಥೂ” ಅನ್ನುತ್ತಾನೆ. ಪಕ್ಕದಲ್ಲಿ ಇದ್ದವರು ತಮಗೇ ಅಂದನೆಂದು ತಿಳಿಯುತ್ತಾರೆ. ತಿಳಿದುಕೊಳ್ಳಲಿ.

ಫೋನಿನ ಉಪಾಯ ಮಂಜುನಾಥನದಲ್ಲ, ಅವನಿಗೆ ಅಷ್ಟು ತಲೆಯಿಲ್ಲ. ಉಪಾಯ ಚಿಕ್ಕಸ್ವಾಮಿಯದು. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಅಬ್ದುಲ್ ವಾಹಿದನ ಮೊಬೈಲು ಅಂಗಡಿಯಲ್ಲಿ ಹಳೇ ಫೋನೊಂದನ್ನು ಆರಿಸಿ, ಸಿಮ್ಮು ಹಾಕಿಸಿ, ಅದು ಇದ್ದ ಜಾಗ ತನ್ನ ಫೋನಿನ ನಕ್ಷೆಯಲ್ಲಿ ಕಾಣುವ ಹಾಗೆ ಮಾಡಿಸಿಕೊಂಡಿದ್ದ. ವಾಹಿದ್ ಬೆರಳಾಡಿಸುತ್ತಲೇ, “ಯಾರನ್ನ ಹಿಡೀಬೇಕು ಸಾರ್?” ಎಂದು ಕೇಳಿದ. ಚಿಕ್ಕಸ್ವಾಮಿ ದುಡ್ಡು ಎಣಿಸತೊಡಗಿದ. “ಒಂದ್ ಮಾತು ಸಾರ್. ಇದು ಫೋನ್ ಎಲ್ಲೈತೆ ಅಂತ ಹೇಳ್ತದೆ. ಆದ್ಮಿ ಎಲ್ಲವ್ನೆ ಅಂತ ಹೇಳಲ್ಲ. ಆಮೇಲೆ ಬಂದು ನನ್ ಮೇಲೆ ಗುಸ್ಸಾ ಮಾಡ್ಬೇಡಿ.” ಅಂಗಡಿಯವನು ಬುದ್ಧಿ ಹೇಳುವುದೆಂದರೇನು? ಚಾರ್ಜರು ಮಾರುವವನು ಚಾರ್ಜರು ಮಾರಿಕೊಂಡಿರಬೇಕು. “ಗೊತ್ತು ಬಿಡ್ರೀ” ಎಂದು ಚಿಕ್ಕಸ್ವಾಮಿ ಎದ್ದು ಬಂದು, ಫೋನನ್ನು ಕೆಂಪಣ್ಣನ ಕೈಗೆ ಕೊಟ್ಟಿದ್ದ.

ನಿಜ ಹೇಳಬೇಕೆಂದರೆ ವಾಹಿದನ ಅಂಗಡಿಗೆ ಅದು ಅವನ ಎರಡನೇ ಭೇಟಿ. ಮೊದಲನೆಯದು ಬೇಸಗೆಯಲ್ಲಿ, ಹೆಂಡತಿ ಪುಟ್ಟಲಕ್ಷ್ಮಮ್ಮನ ಫೋನು ರಿಪೇರಿಯ ನೆಪದಲ್ಲಿ. ಅವಳಿಗೊಂದು ಚುಕ್ಕಿ ಇತ್ತು, ಗುಲಾಬಿ ಬಣ್ಣದ್ದು. ನಾಲ್ಕು ತಿಂಗಳು ನೋಡಿದ್ದ. ಪಾಂಡವಪುರಕ್ಕೆ ಬಟ್ಟೆ ಹೊಲಿಯಲು ಕೊಡಲು ಹೋಗುತ್ತೇನೆ ಅಂದರೆ ಪಾಂಡವಪುರದಲ್ಲೇ ಇರುತ್ತಿದ್ದಳು, ಬೆಳಗೊಳದ ತಂಗಿ ಮನೆ ಅಂದರೆ ಬೆಳಗೊಳದ ತಂಗಿ ಮನೆ. ಒಂದು ದಿನವಾದರೂ ಒಂದು ಗಲ್ಲಿಯಷ್ಟಾದರೂ ಚುಕ್ಕಿ ಆಚೀಚೆ ಸರಿಯಲಿಲ್ಲ. ಅವನಿಗೆ ಸಮಾಧಾನವಾಗಬೇಕಿತ್ತು. ಆದದ್ದು ಒಂದು ಥರದ ತಾತ್ಸಾರ. ಸುಳ್ಳು ಹೇಳುವುದಕ್ಕೂ ಇವಳಿಗೆ ಬರುವುದಿಲ್ಲವಲ್ಲ, ಇಂಥವಳ ಜೊತೆ ಹತ್ತೊಂಬತ್ತು ವರ್ಷ ಬಾಳಿದೆನಲ್ಲ ಎಂದುಕೊಂಡಿದ್ದ. ಈಗವಳು ಕೆ.ಆರ್. ಪೇಟೆ ಕಡೆ, ಸಂತೆಬಾಚಹಳ್ಳಿಯ ತವರಿನಲ್ಲಿ. ಹೋಗಿ ಹನ್ನೆರಡು ದಿನ. ಇಡ್ಲಿ ಬೇಯುವುದನ್ನು ಕಾಯುತ್ತ ಅವಳಿಗೆ ಫೋನು ಮಾಡಿದ. ನಕ್ಷೆಯಲ್ಲಿ ಗುಲಾಬಿ ಚುಕ್ಕಿ ತವರುಮನೆಯ ಮೇಲೆ ಕೂತಿರುವುದನ್ನು ನೋಡಿಕೊಂಡೇ, “ಎಲ್ಲಿದೀಯಾ?” ಅಂದ.

ಅವಳ ಹಿಂದೆ ಕೊಟ್ಟಿಗೆಯಲ್ಲಿ ಯಾರೋ ಕರುವನ್ನು ಗದರಿಸುತ್ತಿದ್ದರು. “ಯಾಕೆ, ನಿಮಗೆ ಕಾಣ್ತಾ ಇಲ್ವಾ?” ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಕರೆಂಟು ಬಂತಾ ಎಂದು ಕೇಳುವ ಹಾಗೆ ಕೇಳಿದ್ದಳು. ಚಿಕ್ಕಸ್ವಾಮಿ ಫೋನಿಟ್ಟ. ಎಷ್ಟು ದಿನದಿಂದ ಗೊತ್ತು ಇವಳಿಗೆ? ಬೇಸಗೆಯಿಂದಲೇ? ಗೊತ್ತಿದ್ದೂ ಪಾಂಡವಪುರದ ಬಿಸಿಲಲ್ಲಿ ನಿಂತು, ಗೊತ್ತಿದ್ದೂ ಮನೆಗೆ ಬಂದು ಮುದ್ದೆ ಬಡಿಸಿ, ಗೊತ್ತಿದ್ದೂ ಪಕ್ಕದಲ್ಲಿ ಮಲಗಿದಳಾ? ಕಿವಿ ಕಾದ ಹಾಗಾಯಿತು. ಇಡ್ಲಿ ಬೆಂದಾಗಿತ್ತು, ತಿನ್ನಲಿಲ್ಲ. ಹೋಗಿ ಆ ನೀರಗಂಟಿ ಮುಂಡೇದನ್ನು ಗೊರಕೆ ಹೊಡೆಯುವಾಗಲೇ ಫೋಟೋ ತೆಗೆಯುತ್ತೇನೆ, ಪಟ್ಟಿಗೆ ಫೋಟೋನೂ ಅಂಟಿಸುತ್ತೇನೆ ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡ. ಇವತ್ತು ಯಾರಾದರೊಬ್ಬರು ಸಿಕ್ಕಿಬೀಳಲೇಬೇಕಿತ್ತು.

ನಾಲೆಯ ಏರಿಯ ಮೇಲೆ ಸ್ಕೂಟರು ಕುಪ್ಪಳಿಸುತ್ತ ಹೋಯಿತು. ಒಂದನೇ ತೂಬಿನಲ್ಲಿ ಮಂಜುನಾಥನ ಕಬ್ಬು ಆಳೆತ್ತರ ನಿಂತಿತ್ತು. ಐದರಿಂದಾಚೆ ಭತ್ತ, ಎಳೆಯದು, ನಾಟಿ ಮಾಡಿ ತಿಂಗಳಾಗಿರಲಿಲ್ಲ. ಎದುರಿಗೆ ಬಂದ ಹೆಂಗಸೊಬ್ಬಳು ಹುಲ್ಲಿನ ಹೊರೆಯಡಿಯಿಂದ “ಕೆಂಪಣ್ಣನ್ನ ಹುಡುಕ್ತಾ ಇದ್ದೀರಾ?” ಅಂದಳು. “ನನಗೆ ಗೊತ್ತು ಅವನೆಲ್ಲಿದ್ದಾನೆ ಅಂತ” ಅಂದ ಚಿಕ್ಕಸ್ವಾಮಿ, ಎಲ್ಲ ಬಲ್ಲವನ ನಗೆ ನಕ್ಕು. ಹತ್ತನೇ ತೂಬಿನ ಹತ್ತಿರ ಸ್ಕೂಟರು ನಿಲ್ಲಿಸಿ, ಸದ್ದಾಗದ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ. ನಲವತ್ತಾರು ವರ್ಷದ ಬಿ.ಎ. ಪಾಸಾದ ಮನುಷ್ಯ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕ್ಯಾಮೆರಾ ತೆರೆದ ಫೋನು, ಕಳ್ಳಬೆಕ್ಕಿನ ಹಾಗೆ ನಾಲೆಯ ಏರಿಯ ಮೇಲೆ. ತನ್ನನ್ನು ಈಗ ಯಾರಾದರೂ ಫೋಟೋ ತೆಗೆದರೆ ಎಂಬ ಯೋಚನೆ ಬಂತು, ಬಂದದ್ದನ್ನು ಹಾಗೇ ನೂಕಿದ.

ಹನ್ನೊಂದನೇ ತೂಬಿನಲ್ಲಿ ಕೆಂಪಣ್ಣ ಇರಲಿಲ್ಲ. ಹೊಂಗೆಮರದ ಕೆಳಗೆ ಹಾಸಿದ ಟವಲ್ಲಾಗಲಿ ಬೀಡಿಯ ಮೋಟಾಗಲಿ ಏನೂ ಇರಲಿಲ್ಲ. ತೂಬಿನ ಹಲಗೆ ಎತ್ತಿತ್ತು, ನೀರು ಗಳಗಳ ಎಂದು, ಆ ತೂಬಿನಡಿ ಬೇಸಾಯ ಮಾಡುವ ಮಾರಮ್ಮನ ಗದ್ದೆಗೆ ಇಳಿಯುತ್ತಿತ್ತು. ತೂಬಿನ ಪಕ್ಕದ ಮಣ್ಣಿಗೆ ಒಂದು ಹಸಿ ಹೊಂಗೆಯ ಕೊಂಬೆ ನೆಟ್ಟಿತ್ತು. ಕೊಂಬೆಗೆ ಹಾಲಿನ ಕವರೊಂದನ್ನು ಬಾಳೆನಾರಿನಿಂದ ಕಟ್ಟಿತ್ತು, ಕವರಿನೊಳಗೆ ಫೋನು. ಗಾಳಿಗೆ ಸುಮ್ಮನೆ ತೂಗುತ್ತಿತ್ತು.

ಆ ಕೊಂಬೆ ಏನೆಂದು ಅವನಿಗೆ ಗೊತ್ತು. ಬಯಲಿನಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಸರದಿ ಸೊಪ್ಪು. ನೀರು ಯಾವ ತೂಬಿಗೆ ಬಿಟ್ಟಿದೆಯೋ ಆ ತೂಬಿನ ಮಗ್ಗುಲಿಗೆ ನೀರಗಂಟಿ ಒಂದು ಹಸಿ ಕೊಂಬೆ ನೆಡುತ್ತಾನೆ. ಅದು ನೆಟ್ಟಿರುವವರೆಗೂ ಆ ಗದ್ದೆಯವರದ್ದೇ ನೀರು. ಅದನ್ನು ಯಾರೂ ಮುಟ್ಟಕೂಡದು, ಅದಕ್ಕೆ ಕಟ್ಟಿದ್ದನ್ನೂ ಮುಟ್ಟಕೂಡದು. ಹಿಂದೆ ಚಿಕ್ಕಸ್ವಾಮಿಯ ಅಪ್ಪ ಜಗಳಗಂಟ, ಅಣ್ಣತಮ್ಮಂದಿರ ಮೇಲೇ ಕುಡುಗೋಲು ಎತ್ತಿದವನು. ಅವನೂ ಸರದಿ ಸೊಪ್ಪಿನ ಮುಂದೆ ಬೈದುಕೊಂಡು ನಿಲ್ಲುತ್ತಿದ್ದನೇ ಹೊರತು ಕೈ ಹಾಕುತ್ತಿರಲಿಲ್ಲ. ಅದಕ್ಕೆ ಹೋಗಿ ಫೋನು ನೇತುಹಾಕಿದ್ದಾನಲ್ಲ ಈ ಹೆಡ್ಡ ಎಂದು ಚಿಕ್ಕಸ್ವಾಮಿ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಕಾಲು ಗಂಟೆ ಬಿಟ್ಟು ಕೆಂಪಣ್ಣ ಬಂದ. ತೊಡೆಯವರೆಗೂ ಕೆಸರು, ಹೆಗಲ ಮೇಲೆ ಸನಿಕೆ, ಬರಿಗಾಲು. ಅರವತ್ತು ದಾಟಿದ ಎದೆಗೂಡು ಏರಿ ಇಳಿಯುತ್ತಿತ್ತು.

“ಯಾವಾಗ್ ಬಂದ್ರಿ ಚಿಕ್ಸಾಮಪ್ಪ? ಹದ್ಮೂರ್ನೇ ತೂಬ್ತಾವ ಏರಿ ಬಾಯ್ ಬುಟ್ಟಿತ್ತು. ಏಡಿ ತೋಡ್ಬುಟ್ಟವೆ. ಮಣ್ಣು ಮೆತ್ತಿ ಬತ್ತಾ ಇವ್ನಿ. ಕೋಳಿ ಕೂಗೋಕ್ ಮುಂಚೆ ಹೊಂಟೋನು, ತಲೆಯಿಂದ ತುದಿಗಂಟ ಎಲ್ಡ್ ಸತಿ ಆಯ್ತು.”

“ಫೋನು ಯಾಕಯ್ಯಾ ಇಲ್ಲಿ ಕಟ್ಟಿದ್ದೀಯಾ?”

“ಮತ್ತೆಲ್ ಕಟ್ಟಾದು?” ಕೆಂಪಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಇದು ಎಲ್ಲೈತೆ ಅಂತ ಆಪೀಸ್ಗೆ ಕಾಣ್ತದೆ ಅಂದ್ರಲ್ಲ ನೀವು. ಮೊದ್ಲಾದ್ರೆ ನೀರ್ ಎಲ್ಲೈತೆ ಅಂತ ನೋಡಾಕೆ ಸೆಕ್ರೆಟ್ರಿಗಳು ಇಲ್ಲಿಗಂಟ ಬರ್ಬೇಕಾಗಿತ್ತು, ಯಾರೂ ಬತ್ತಿರ್ನಿಲ್ಲ. ಈಗ ಕುಂತಲ್ಲೇ ಗೊತ್ತಾಯ್ತದೆ. ಒಳ್ಳೇದೇ ಮಾಡುದ್ರಿ ಬುಡಿ. ಸರದಿ ತಿರುಗ್ದಂಗೆಲ್ಲ ಸೊಪ್ಪಿನ್ ಜೊತೇಲೇ ಬಿಚ್ಚಿ ಕಟ್ತೀನಿ. ಬೈಗ್ಗೆ ಮನೇಗ್ ತಗಂಡೋಗಿ ಕರೆಂಟ್ಗೆ ಹಾಕ್ತಾಳೆ ನನ್ನೆಂಡ್ತಿ ಸೋಮಮ್ಮ, ಬೆಳಿಗ್ಗೆ ತಿರ್ಗಾ ಕಟ್ತೀನಿ.”

“ನಿನ್ನ ಜೇಬಲ್ಲಿಟ್ಟುಕೊಳ್ಳೋಕೆ ಕೊಟ್ಟಿದ್ದು ಕಣಯ್ಯಾ ಅದು! ನೀನೆಲ್ಲಿದ್ದೀಯ ಅಂತ ಗೊತ್ತಾಗಲಿ ಅಂತ!”

ಕೆಂಪಣ್ಣ ಇಷ್ಟಗಲ ನಕ್ಕ. “ನಾನ್ ಎಲ್ಲಿದ್ರೆ ಯಾರ್ಗೆ ಏನಪ್ಪಾ ಆಗ್ಬೇಕು? ನಮ್ ಸೋಮಮ್ಮನೇ ಕೇಳಾಕಿಲ್ಲ. ನೀರ್ ಎಲ್ಲೈತೆ ಅಂತ ಅಲ್ವಾ ಎಲ್ಲಾರ್ಗೂ ಬೇಕಾಗಿರಾದು?”

ಚಿಕ್ಕಸ್ವಾಮಿಯ ಕಣ್ಣ ಮುಂದೆ ಪಟ್ಟಿ ಬಿಚ್ಚಿಕೊಂಡಿತ್ತು. ಏಳನೇ ತೂಬು ಎರಡು ದಿನ, ಏಳರಲ್ಲಿ ಎಂಟೆಕರೆ. ಎಂಟನೇದು ಒಂದೂವರೆ, ಅಲ್ಲಿ ಆರು. ನಾಲ್ಕೆಕರೆಗೆ ಒಂದು ದಿನದ ನೀರು, ಒಂದು ಗಳಿಗೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಂಘ ಹುಟ್ಟಿದಾಗಿನಿಂದ ಇಷ್ಟು ನೇರವಾದ ಸರದಿಯ ದಾಖಲೆ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಮೂರು ವಾರದಿಂದ ಕೊನೆಭಾಗದ ಒಬ್ಬ ರೈತನೂ ಆಫೀಸಿಗೆ ಬಂದು ಬಾಯಿ ಮಾಡಿರಲಿಲ್ಲ. ಅದೂ ಅವನಿಗೆ ಈಗ ಹೊಳೆಯಿತು. ಅವನು ಕಳ್ಳನನ್ನು ಹಿಡಿಯುತ್ತೇನೆಂದು ಕೂತು ಒಬ್ಬ ಪ್ರಾಮಾಣಿಕನ ಕೆಲಸವನ್ನು ದಿನಾ ಬರೆದಿಟ್ಟಿದ್ದ, ಪ್ರಿಂಟೂ ತೆಗೆಸಿದ್ದ. ಸಿಟ್ಟು ಬಂತು. ತನ್ನ ಮೇಲಲ್ಲ. ಎದುರಿಗೆ ಹಲ್ಲು ಬಿಟ್ಟುಕೊಂಡು ನಿಂತಿದ್ದವನ ಮೇಲೆ. ಪೆದ್ದನಾಗಿರುವುದಕ್ಕೂ ಒಂದು ಮಿತಿ ಬೇಡವಾ? ಮೋಸ ಮಾಡಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು!

“ಸಂಜೆ ಮೀಟಿಂಗಿಗೆ ಬಾ” ಎಂದು ಕವರಿನ ನಾರಿಗೆ ಕೈ ಹಾಕಿದ.

“ಅದ ಬುಡಿ ಅದ ಬುಡಿ, ಮಾರಮ್ಮಂದು ಇನ್ನೂ ಮುಗ್ದಿಲ್ಲ!” ಕೆಂಪಣ್ಣ ಹೌಹಾರಿದ.

“ಸೊಪ್ಪು ಇರುತ್ತಲ್ಲ, ಸಾಕು. ಇದು ಸಂಘದ್ದು.” ಅವನು ಗಂಟು ಬಿಚ್ಚತೊಡಗಿದ. ಚಿಕ್ಕಂದಿನಲ್ಲಿ ಯಾವತ್ತೂ ಮುಟ್ಟದ ಸೊಪ್ಪು ಮುಂಗೈಗೆ ತಗಲಿತು.

ಅವನು ಸ್ಕೂಟರಿನ ಕಡೆ ಹೊರಟಾಗ ಕೆಂಪಣ್ಣ ಸ್ವಲ್ಪ ದೂರ ಹಿಂದೆಯೇ ಬಂದ. “ಚಿಕ್ಸಾಮಪ್ಪ, ನನ್ನ ತಗ್ದಾಕ್ತಾರಂತೆ ಅಂತ ಸೋಮಮ್ಮ ಏನೋ ಕೇಳ್ಕಂಡ್ ಬಂದವ್ಳೆ. ನಂಗೆ ಇದ್ ಬುಟ್ರೆ ಬೇರೆ ಕೆಲ್ಸ ಗೊತ್ತಿಲ್ಲ ಕಣಪ್ಪ. ಈ ನೀರ್ ಬುಟ್ಟು ಮನೇಲಿ ಕುಂತ್ರೆ ಸತ್ತೋಯ್ತೀನಿ. ನಂಗೆ ಅವ್ರ ಮುಂದೆಲ್ಲ ಮಾತ್ ಬರಾಕಿಲ್ಲ. ನೀವು ಓದ್ದೋರು, ಈಗ್ ನೋಡಿದ್ರಲ್ಲ, ಒಂದ್ ಮಾತ್ ಹೇಳ್ಬುಡಿ.”

“ಹೂಂ, ನೋಡೋಣ” ಅಂದ ಚಿಕ್ಕಸ್ವಾಮಿ.

ಹೇಳಿಬಿಡಬಹುದಿತ್ತು. ಆಫೀಸಿನ ಫ್ಯಾನಿನ ಕೆಳಗೆ ಕೂತು ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದ. ಏನು ಹೇಳುವುದು? ಸ್ವಾಮಿ, ನಾನು ಇಪ್ಪತ್ತೊಂದು ದಿನ ಒಂದು ಹೊಂಗೆಕೊಂಬೆಯನ್ನು ಕಾದೆ ಅಂತಲೇ? ಕೊಂಬೆ ಕೆಲಸಗಳ್ಳತನ ಮಾಡುತ್ತಿದೆಯೆಂದು ಪಟ್ಟಿ ಬರೆದೆ ಅಂತಲೇ? ಮಂಜುನಾಥ ಮೊದಲು ಕಣ್ಣು ಕಿರಿದು ಮಾಡುತ್ತಾನೆ, ಆಮೇಲೆ ತೊಡೆ ತಟ್ಟಿಕೊಂಡು ನಗುತ್ತಾನೆ, ಬಾಯಲ್ಲಿನ ಬೋಂಡಾ ಮೇಜಿನ ಮೇಲೆಲ್ಲ ಹಾರುವ ಹಾಗೆ. ಉಳಿದ ನಾಲ್ವರು ಅಧ್ಯಕ್ಷರು ನಕ್ಕರೆಂದು ನಗುತ್ತಾರೆ. ನಾಳೆ ಡೇರಿಯಲ್ಲಿ, ನಾಡಿದ್ದು ಕ್ಷೌರದಂಗಡಿಯಲ್ಲಿ. ಸೊಪ್ಪು ಕಾದ ಸೆಕ್ರೆಟ್ರಿ. ಸಂತೆಬಾಚಹಳ್ಳಿಯವರೆಗೂ ಹೋಗುತ್ತದೆ, ಪುಟ್ಟಲಕ್ಷ್ಮಮ್ಮ ನಗುವುದಿಲ್ಲ, ಅದೇ ಕಷ್ಟ. ಒಬ್ಬ ಮುದುಕನಿಗೆ ಇನ್ನೆಷ್ಟು ವರ್ಷದ ಕೆಲಸ ಉಳಿದಿದ್ದೀತು? ಮಂಜುನಾಥ ಹೇಗಿದ್ದರೂ ಬೇರೆ ನೆಪ ತೆಗೆದು ಓಡಿಸುತ್ತಾನೆ. ತಾನು ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಹೀಗೆ ಅಂದುಕೊಂಡಾಗ ಅದು ನಿಜವೆಂದೇ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ ತನ್ನನ್ನು ಚಿಕ್ಕಸ್ವಾಮಿ ಒಂದು ಕ್ಷಣ, ಮಂಜುನಾಥನನ್ನು ನೋಡುವಷ್ಟೇ ಸ್ಪಷ್ಟವಾಗಿ, ಹೊರಗಿನಿಂದ ನೋಡಿದ. ಥೂ ಎಂದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ನಾಲ್ಕೂವರೆಗೆ ಸಭೆ ಶುರುವಾಯಿತು. ಕೆಂಪಣ್ಣ ಕಾಲು ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, ಬಾಗಿಲ ಒಳಗೆ ಗೋಡೆಗಂಟಿ ನಿಂತಿದ್ದ. ಕೂತ್ಕೋ ಎಂದು ಯಾರೂ ಅನ್ನಲಿಲ್ಲ. ಚಿಕ್ಕಸ್ವಾಮಿ ಎದ್ದು ನಿಂತು ಪಟ್ಟಿ ಓದತೊಡಗಿದ. ಮೊದಲನೇ ದಿನ, ಎರಡನೇ ತೂಬು, ಬೆಳಗ್ಗೆ ಆರರಿಂದ ಸಂಜೆ ಆರು. ಎರಡನೇ ದಿನ, ಅದೇ ಎರಡನೇ ತೂಬು. ಅವನು ಒಂದೊಂದು ಸಾಲು ಓದಿದಾಗಲೂ ಕೆಂಪಣ್ಣ ತಲೆಯಾಡಿಸಿದ. ಒಂಬತ್ತನೆಯದಕ್ಕೆ ಬಂದಾಗ ಅವನ ಮುಖ ಅರಳಿತ್ತು. ಪರೀಕ್ಷೆಯಲ್ಲಿ ತನ್ನ ನಂಬರು ಓದುತ್ತಿರುವುದನ್ನು ಕೇಳುವವನ ಹಾಗೆ ನಿಂತಿದ್ದ. ತಡೆಯಲಾರದೆ, “ಒಂದೂ ತಪ್ಪಿಲ್ಲ ಕಣ್ರಪ್ಪಾ, ಎಲ್ಲಾ ಸರ್ಯಾಗ್ ಬರ್ದವ್ರೆ” ಎಂದ, ಸಮಿತಿಯವರ ಕಡೆ ತಿರುಗಿ.

“ನೋಡ್ರಪ್ಪಾ, ಅವ್ನೇ ಒಪ್ಕಂಡ” ಅಂದ ಮಂಜುನಾಥ.

ಈಗ ಹೇಳಬೇಕಿತ್ತು. ಫ್ಯಾನು ತಿರುಗುವ ಸದ್ದು ಕೇಳಿಸಿತು. ಚಿಕ್ಕಸ್ವಾಮಿ ಬಾಯಿ ತೆರೆದ. ಬಾಯಲ್ಲಿ ಸಿದ್ಧವಾಗಿದ್ದದ್ದು ಆ ಜೋಕೊಂದೇ, ಅದೇ ಬಂತು. “ಎರಡು ದಿನಕ್ಕೊಂದು ಮರ ಬದಲಾಯಿಸ್ತಾನೆ ಸ್ವಾಮಿ, ಒಂದೇ ನೆರಳು ಬೇಜಾರಾಗುತ್ತೋ ಏನೋ.” ನಗದೆ ಹೇಳಿದ. ಐದು ಜನವೂ ಬಿದ್ದು ಬಿದ್ದು ನಕ್ಕರು. ಕೆಂಪಣ್ಣನೂ, ಎಲ್ಲರೂ ನಗುತ್ತಿದ್ದಾರಲ್ಲ ಎಂದು, ಸ್ವಲ್ಪ ನಕ್ಕ. ನಗುತ್ತಲೇ ಚಿಕ್ಕಸ್ವಾಮಿಯ ಮುಖ ನೋಡುತ್ತಿದ್ದ, ಇನ್ನು ಮುಂದಿನ ಮಾತು ಬರುತ್ತದೆಂದು. ಮಂಜುನಾಥ ಠರಾವು ಹೇಳಿ ಬರೆಸಿದ: ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದರಿಂದ ನಾಳೆಯಿಂದ ಕೆಲಸದಿಂದ ಬಿಡಿಸಲಾಗಿದೆ.

ಕೆಂಪಣ್ಣ ಮಂಜುನಾಥನನ್ನು ನೋಡಲೇ ಇಲ್ಲ. “ಬೆಳಿಗ್ಗೆ ಹೇಳುದ್ನಲ್ಲಪ್ಪಾ ನಿಮ್ಗೆ” ಅಂದ, ಮೆತ್ತಗೆ.

ಎಲ್ಲರೂ ಚಿಕ್ಕಸ್ವಾಮಿಯ ಕಡೆ ತಿರುಗಿದರು.

“ಏನು ಹೇಳಿದೆ?” ಅಂದ ಚಿಕ್ಕಸ್ವಾಮಿ.

ಕೆಂಪಣ್ಣ ಅವನನ್ನೇ ನೋಡಿದ. ಆ ನೋಟದಲ್ಲಿ ತಿರಸ್ಕಾರವಿದ್ದಿದ್ದರೆ ಚಿಕ್ಕಸ್ವಾಮಿಗೆ ನಿಭಾಯಿಸಲು ಗೊತ್ತಿತ್ತು. ಅದರ ಜೊತೆಯಲ್ಲೇ ಅವನು ಇಷ್ಟು ವರ್ಷ ಬದುಕಿದ್ದ. ಹುಡುಕಿದ, ಇರಲಿಲ್ಲ. ತೂಬಿನ ಹಲಗೆ ಕೊಳೆತು ಲಡ್ಡಾಗಿದೆಯಾ ಎಂದು ಬೆರಳಲ್ಲೊತ್ತಿ ನೋಡಿ, ಆಗಿದೆ ಎಂದು ತಿಳಿದ ಮೇಲೆ ಕೈ ತೆಗೆದುಕೊಳ್ಳುವ ಹಾಗೆ ಮುದುಕ ಕಣ್ಣು ತೆಗೆದುಕೊಂಡ.

“ಏನೂ ಇಲ್ಲ ಬುಡಿ” ಅಂದ. ಆಮೇಲೆ ಎಲ್ಲರಿಗೂ ಸೇರಿಸಿ, “ಆರ್ ಗಂಟೆಗೆ ಮಾರಮ್ಮಂದು ಮುಗೀತದೆ. ಹನ್ನೆಲ್ಡನೇದ್ಕೆ ತಿರುಗಿಸ್ಬೇಕು. ನಿಮ್ಮಲ್ ಯಾರ್ ಬತ್ತೀರಿ?”

ಒಬ್ಬ ಕಾಫಿ ಲೋಟದ ತಳ ನೋಡಿದ.

“ಇವತ್ತೊಂದಿನ ನಾನೇ ತಿರುಗಿಸ್ಬುಟ್ಟು ಹೋಯ್ತೀನಿ ಬುಡಿ” ಎಂದು ಕೆಂಪಣ್ಣ ಹೊರಟ. ಮೆಟ್ಟಿಲ ಬಳಿ ಒರಗಿಸಿಟ್ಟಿದ್ದ ಸನಿಕೆ ಹೆಗಲಿಗೇರಿಸಿದ್ದು, ಸರಸರ ನಡೆದದ್ದು ಕಿಟಕಿಯಿಂದ ಕಂಡಿತು. ಹೊತ್ತಾಗಿತ್ತಲ್ಲ.

“ಮುಂದಿನ ವಿಷಯ ಓದಪ್ಪ” ಅಂದ ಮಂಜುನಾಥ, ಚಿಕ್ಕಸ್ವಾಮಿಯ ಕಡೆ ನೋಡದೆ.

ಚಿಕ್ಕಸ್ವಾಮಿ ಓದಿದ.